ಸ್ವಂತ ಮನೆಗೆ ಸ್ವಂತ ದುಡಿಮೆ: ಎಲ್ಲಿ ಕೈ ಹಾಕಬೇಕು, ಎಲ್ಲಿ ಕೈ ಕಟ್ಟಿ ನಿಲ್ಲಬೇಕು

ಪಾಯದ ಮಣ್ಣನ್ನು ನಾವೇ ಅಗೆಯುತ್ತೇವೆ ಎಂದಾಗ ಮೇಸ್ತ್ರಿ ನಗಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, “ಅಗೆಯಿರಿ ಸಾರ್, ಒಳ್ಳೆಯದೇ. ಜೆಸಿಬಿಯವನ ನಂಬರ್ ಮಾತ್ರ ಇಟ್ಟುಕೊಂಡಿರಿ” ಎಂದರು. ಮೂರನೆಯ ದಿನ ಸಂಜೆ ಆ ನಂಬರಿಗೆ ಫೋನ್ ಮಾಡಿದೆ.

ತಿಪಟೂರಿನ ಹೊರವಲಯದಲ್ಲಿ 30–40ರ ನಿವೇಶನ, ಹತ್ತು ಚದರದ, ಅಂದರೆ ಸಾವಿರ ಚದರ ಅಡಿಯ ಮನೆ, ನೆಲಮಹಡಿ ಮಾತ್ರ. ಕಟ್ಟಿದ್ದು 2024ರಲ್ಲಿ. ನನ್ನ ಕಸುಬು ಲೆಕ್ಕ ಬರೆಯುವುದು. ಹೀಗಾಗಿ ಎಲ್ಲಿ ಎಷ್ಟು ಉಳಿಯಿತು, ಉಳಿಯಿತೆಂದುಕೊಂಡದ್ದು ಎಲ್ಲಿ ಸೋರಿಹೋಯಿತು ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನವಹಿ ದಾಖಲಾಗಿದೆ. ಮನೆ ಕಟ್ಟಲು ಹೊರಟವರು ಈಗ ನಮ್ಮ ಜಗುಲಿಯ ಮೇಲೆ ಕುಳಿತು, “ನಾವೇ ಎಷ್ಟು ಕೆಲಸ ಮಾಡಿಕೊಳ್ಳಬಹುದು?” ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ದರಗಳು ನಮ್ಮ ಕಡೆಯವು, ಲೆಕ್ಕಕ್ಕೆ ಸುಲಭವಾಗಲೆಂದು ದುಂಡಾಗಿಸಿದವು. ನಿಮ್ಮ ಊರಿನ ದರ ಹಾಕಿಕೊಂಡು ಮತ್ತೊಮ್ಮೆ ಕೂಡಿ ಕಳೆಯಿರಿ.

ಗುತ್ತಿಗೆಯ ಬಗೆ ಯಾವುದು?

ಮನೆ ಕಟ್ಟಿಸಲು ನಮ್ಮಲ್ಲಿ ಮೂರು ದಾರಿಗಳಿವೆ. ಸಾಮಗ್ರಿಯೂ ಕೂಲಿಯೂ ಸೇರಿದ ಪೂರ್ತಿ ಗುತ್ತಿಗೆ ಒಂದು. ಸಾಮಗ್ರಿ ನಿಮ್ಮದು, ಕೂಲಿಯನ್ನು ಮಾತ್ರ ಚದರದ ಲೆಕ್ಕದಲ್ಲಿ ಮೇಸ್ತ್ರಿಗೆ ಕೊಡುವ ಲೇಬರ್ ಗುತ್ತಿಗೆ ಇನ್ನೊಂದು. ಪ್ರತಿ ಶನಿವಾರ ಬಟವಾಡೆ ಮಾಡುವ ದಿನಗೂಲಿ ಮೂರನೆಯದು. ನೀವು ಎಷ್ಟು ಬೆವರು ಸುರಿಸುತ್ತೀರಿ ಎನ್ನುವುದಕ್ಕೂ ಮೊದಲು, ಈ ಮೂರರಲ್ಲಿ ಯಾವುದನ್ನು ಹಿಡಿದಿದ್ದೀರಿ ಎನ್ನುವುದೇ ಉಳಿತಾಯವನ್ನು ತೀರ್ಮಾನಿಸುತ್ತದೆ.

ಪೂರ್ತಿ ಗುತ್ತಿಗೆಯಲ್ಲಿ ನಿಮ್ಮ ದುಡಿಮೆಗೆ ಬೆಲೆಯೇ ಇಲ್ಲ. ನನ್ನ ಪರಿಚಯದವರೊಬ್ಬರು ಹಾಗೆ ಗುತ್ತಿಗೆ ಕೊಟ್ಟು, ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಗೋಡೆಗೆ ನೀರು ಹೊಡೆದರು. ಮನೆ ಗಟ್ಟಿಯಾಯಿತು, ನಿಜ. ಉಳಿದ ಕೂಲಿ ಗುತ್ತಿಗೆದಾರನ ಜೇಬಿಗೆ ಹೋಯಿತು. ಚದರ ಅಡಿಗೆ 2,000 ರೂಪಾಯಿ ಎಂದು ಒಪ್ಪಿಕೊಂಡ ಮೇಲೆ ನೀವು ಬಾಂಡ್ಲಿ ಹೊತ್ತರೂ 2,000, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೂ 2,000.

ಲೇಬರ್ ಗುತ್ತಿಗೆಯಲ್ಲಿ ಪಾಯದಿಂದ ಪ್ಲಾಸ್ಟರಿನವರೆಗೆ ಅಡಿಗೆ 400 ಎಂದಿಟ್ಟುಕೊಳ್ಳೋಣ. ಹತ್ತು ಚದರಕ್ಕೆ ನಾಲ್ಕು ಲಕ್ಷ. ಇಲ್ಲಿ ನಿಮ್ಮ ದುಡಿಮೆಗೆ ಬೆಲೆ ಬರುವುದು ಒಂದೇ ರೀತಿಯಲ್ಲಿ: ಇಂತಿಂಥ ಕೆಲಸ ನಮ್ಮದು ಎಂದು ಮಾತುಕತೆಯ ದಿನವೇ ಬೇರ್ಪಡಿಸಿ ದರ ಇಳಿಸಿಕೊಂಡರೆ. ಕೆಲಸ ಶುರುವಾದ ಮೇಲೆ ಮಾಡುವ ಸಹಾಯವೆಲ್ಲ ಮೇಸ್ತ್ರಿಗೆ ಕೊಟ್ಟ ಉಡುಗೊರೆ.

ದಿನಗೂಲಿಯಲ್ಲಿ ಲೆಕ್ಕ ನೇರ. ಗಾರೆಯವರಿಗೆ 1,000, ಕೈಯಾಳಿಗೆ 700. ನೀವು ಒಬ್ಬ ಕೈಯಾಳಿನ ಜಾಗದಲ್ಲಿ ನಿಂತರೆ ಆ 700 ಅಂದೇ ಉಳಿಯಿತು. ಆದರೆ ಕೆಲಸ ಎಳೆದಷ್ಟೂ ನಷ್ಟ ನಿಮ್ಮದೇ. ಲೇಬರ್ ಗುತ್ತಿಗೆಯ ಮೇಸ್ತ್ರಿಗೆ ಅವಸರ ಹೆಚ್ಚು, ದಿನಗೂಲಿಯವರಿಗೆ ಅವಸರವೇ ಇರುವುದಿಲ್ಲ. ಎರಡೂ ಕಡೆ ಮನೆಯವರು ಎದುರಿಗೆ ನಿಂತಿರಲೇಬೇಕು, ಕಾರಣ ಬೇರೆ ಅಷ್ಟೇ.

ತೆರಿಗೆಯ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದೇ ಕುಟುಂಬದ ಬಿಡಿ ಮನೆಯ ನಿರ್ಮಾಣಕ್ಕೆ ಬರಿಯ ಕೂಲಿ ಗುತ್ತಿಗೆ ಕೊಟ್ಟರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ನೋಂದಾಯಿತ ಗುತ್ತಿಗೆದಾರನಿಗೆ ಸಾಮಗ್ರಿ ಸಮೇತ ಕೊಟ್ಟರೆ ಶೇ 18 ತೆರಿಗೆ ಬೀಳುತ್ತದೆ. ದರ ಹೋಲಿಸುವಾಗ ಇದನ್ನು ಮರೆಯುವವರೇ ಹೆಚ್ಚು.

ಒಂದು ದಿನದ ಬೆಲೆ

ಯಾವ ಕೆಲಸ ಕೈಗೆತ್ತಿಕೊಳ್ಳಬೇಕೆಂದು ನೋಡಲು ನಾನು ಒಂದೇ ಲೆಕ್ಕ ಹಾಕುತ್ತೇನೆ. ಆ ಕೆಲಸದಿಂದ ಉಳಿಯುವ ಹಣವನ್ನು ನಾವು ಹಾಕುವ ಆಳುದಿನಗಳಿಂದ ಭಾಗಿಸುವುದು. ಅದಕ್ಕೂ ಮೊದಲು ತಡವಾದದ್ದರ ಖರ್ಚನ್ನು ಕಳೆಯುವುದು.

ಈ ತಡದ ಖರ್ಚನ್ನು ಯಾರೂ ಕಳೆಯುವುದಿಲ್ಲ, ಅದಕ್ಕೇ ಸ್ವಂತ ದುಡಿಮೆ ಕಾಗದದ ಮೇಲೆ ಅಷ್ಟು ಸೊಗಸಾಗಿ ಕಾಣುತ್ತದೆ. ನಾವಿದ್ದ ಬಾಡಿಗೆ ಮನೆಗೆ ತಿಂಗಳಿಗೆ 8,000. ಬ್ಯಾಂಕಿನಿಂದ ಬಿಡುಗಡೆಯಾಗಿದ್ದ ಹತ್ತು ಲಕ್ಷಕ್ಕೆ ಶೇ 9ರ ಬಡ್ಡಿ, ಅಂದರೆ ತಿಂಗಳಿಗೆ 7,500. ಎರಡೂ ಸೇರಿ 15,500. ಮನೆ ಮುಗಿಯುವುದು ಒಂದು ದಿನ ತಡವಾದರೆ ಸುಮಾರು 500 ರೂಪಾಯಿ ಸದ್ದಿಲ್ಲದೆ ಹೋಗುತ್ತದೆ. ಸಾಲವಿಲ್ಲದೆ, ಅಪ್ಪನ ಮನೆಯಲ್ಲಿ ಇದ್ದುಕೊಂಡು ಕಟ್ಟುವವರಿಗೆ ಈ ಖರ್ಚು ಸೊನ್ನೆ. ಅವರಿಗೆ ಸರಿಹೋಗುವ ಆಯ್ಕೆ ನನಗೆ ಸರಿಹೋಗಲಾರದು.

ಇದರ ಜೊತೆಗೆ ನಿಮ್ಮ ಸ್ವಂತ ಕಸುಬಿನ ದಿನದ ಗಳಿಕೆಯನ್ನೂ ಪಕ್ಕದಲ್ಲಿ ಬರೆದಿಡಿ. ದಿನಕ್ಕೆ 1,500 ಸಂಪಾದಿಸುವವರು ಸಂಬಳವಿಲ್ಲದ ರಜೆ ಹಾಕಿ 700ರ ಬಾಂಡ್ಲಿ ಹೊತ್ತರೆ ಮೈಕೈ ನೋವಿನ ಜೊತೆಗೆ ದಿನಕ್ಕೆ 800 ನಷ್ಟ.

ಮಣ್ಣು ಅಗೆಯುವುದು

ಎಲ್ಲರೂ ಮೊದಲು ಕೈ ಹಾಕುವ ಕೆಲಸ ಇದು, ಏಕೆಂದರೆ ಇದಕ್ಕೆ ವಿದ್ಯೆ ಬೇಕಿಲ್ಲ ಎಂಬ ಭಾವನೆ. ನಮ್ಮ ಪಾಯದ ಒಟ್ಟು ಉದ್ದ ಸುಮಾರು 180 ಅಡಿ, ಅಗಲ ಮೂರು, ಆಳ ನಾಲ್ಕು. ಲೆಕ್ಕ ಹಾಕಿದರೆ 2,160 ಘನ ಅಡಿ, ಹತ್ತಿರಹತ್ತಿರ 60 ಘನ ಮೀಟರ್ ಮಣ್ಣು. ಗಟ್ಟಿ ನೆಲದಲ್ಲಿ ಅಭ್ಯಾಸವಿದ್ದ ಆಳು ದಿನಕ್ಕೆ ಎರಡೂವರೆ ಘನ ಮೀಟರ್ ಅಗೆದು ಹೊರಗೆ ಎಸೆದರೆ ದೊಡ್ಡದು. ಅಂದರೆ 24 ಆಳುದಿನ. ನಾನೂ ನನ್ನ ಭಾವಮೈದುನನೂ ಸೇರಿ ಮಾಡಿದರೆ, ಅಭ್ಯಾಸವಿದ್ದವರ ವೇಗ ನಮಗೆ ಬಂತೆಂದೇ ಇಟ್ಟುಕೊಂಡರೂ, 12 ದಿನ. ಜೆಸಿಬಿ ಗಂಟೆಗೆ 1,200ರಂತೆ ಆರು ಗಂಟೆಗೆ 7,200 ತೆಗೆದುಕೊಂಡು ಒಂದೇ ದಿನದಲ್ಲಿ ಮುಗಿಸುತ್ತದೆ. ನಮ್ಮಿಂದ 11 ದಿನ ತಡ, ತಡಕ್ಕೆ 5,500. ನಿಜವಾಗಿ ಉಳಿಯುವುದು 1,700. ಅದನ್ನು 24ರಿಂದ ಭಾಗಿಸಿ: ದಿನಕ್ಕೆ ಸುಮಾರು 70 ರೂಪಾಯಿ. ಅಂಗೈಯ ಬೊಬ್ಬೆಗೆ ಹಚ್ಚುವ ಮುಲಾಮಿನ ಖರ್ಚನ್ನು ಇದರಲ್ಲಿ ಸೇರಿಸಿಲ್ಲ.

ಜೆಸಿಬಿಗೂ ಒಂದು ಚಾಳಿಯಿದೆ. ಗುರುತು ಹಾಕಿದ ಗೆರೆಗಿಂತ ಅಗಲವಾಗಿ, ಕೆಲವು ಕಡೆ ಬೇಕಾದದ್ದಕ್ಕಿಂತ ಆಳವಾಗಿ ಬಗೆದುಬಿಡುತ್ತದೆ. ಹೆಚ್ಚು ಅಗೆದ ಜಾಗಕ್ಕೆಲ್ಲ ಕಲ್ಲು, ಕಾಂಕ್ರೀಟು ತುಂಬಬೇಕಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಮುಕ್ಕಾಲು ಪಾಲು ಬಿಟ್ಟು, ತಳ ಸಮ ಮಾಡುವುದನ್ನೂ ಮೂಲೆ ತಿದ್ದುವುದನ್ನೂ ನಾವೇ ಮಾಡಿದೆವು. ಎರಡು ದಿನದ ಆ ಕೆಲಸ ಸಾರ್ಥಕ. ಪಾಯ ಎದ್ದ ಮೇಲೆ ಒಳಗೆ ಮಣ್ಣು ತುಂಬಿ, ಅರ್ಧ ಅಡಿಗೊಮ್ಮೆ ನೀರು ಹಾಯಿಸಿ ದಮ್ಮಸು ಮಾಡುವುದಂತೂ ಮನೆಯವರೇ ಮಾಡಬೇಕಾದದ್ದು. ಅವಸರದ ಮೇಸ್ತ್ರಿ ಒಂದೇ ಸಲಕ್ಕೆ ತುಂಬಿ, ಮೇಲಿನ ಪದರವನ್ನು ಮಾತ್ರ ಬಡಿದು ಹೋಗುತ್ತಾನೆ. ಎರಡು ವರ್ಷದ ಮೇಲೆ ಟೈಲ್ಸ್ ಕುಸಿದಾಗ ಅದು ಗೊತ್ತಾಗುತ್ತದೆ.

ಗೋಡೆ ಕಟ್ಟುವುದು

ನುರಿತ ಗಾರೆಯವರು ಒಬ್ಬ ಕೈಯಾಳಿನೊಂದಿಗೆ ದಿನಕ್ಕೆ ನೂರರ ಆಸುಪಾಸು ಆರಿಂಚಿನ ಸಾಲಿಡ್ ಬ್ಲಾಕ್ ಕೂರಿಸುತ್ತಾರೆ. ಉಗ್ರಾಣದ ಗೋಡೆಯ ಮೇಲೆ ನಾನು ಕೈ ನೋಡಿಕೊಂಡೆ. ಮೊದಲ ದಿನ 28 ಬ್ಲಾಕ್. ಮಾರನೆಯ ದಿನ ಮೇಸ್ತ್ರಿ ತೂಕುಗುಂಡು ಬಿಟ್ಟು ನೋಡಿ, ಮಾತಾಡದೆ ಮೇಲಿನ ಎರಡು ವರಸೆ ಬಿಚ್ಚಿದರು. ನಾನು ಒಂದು ದಿನ ಕರಣೆ ಹಿಡಿದರೆ ಉಳಿಯುವುದು ಹೆಚ್ಚೆಂದರೆ 300 ರೂಪಾಯಿ. ಅಷ್ಟೇ ಕೆಲಸವನ್ನು ಗಾರೆಯವರು ಮೂರನೇ ಒಂದು ದಿನದಲ್ಲಿ ಮುಗಿಸುವುದರಿಂದ ತಡದ ಲೆಕ್ಕದಲ್ಲಿ 300ಕ್ಕಿಂತ ತುಸು ಹೆಚ್ಚೇ ಹೋಗುತ್ತದೆ. ಕರಣೆಯನ್ನು ವಾಪಸ್ ಕೊಟ್ಟೆ.

ಗೋಡೆಯ ಹತ್ತಿರ ಮನೆಯವರ ಜಾಗ ಕೈಯಾಳಿನದು: ಗಾರೆ ಕಲಸುವುದು, ಬ್ಲಾಕ್ ಸಾಗಿಸುವುದು, ಸಂಜೆ ದಾರ ಹಿಡಿದು ನೋಡುವುದು. ಸುಟ್ಟ ಇಟ್ಟಿಗೆಯಾದರೆ ಕಟ್ಟುವ ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಕಾಂಕ್ರೀಟ್ ಬ್ಲಾಕನ್ನು ಹಾಗೆ ನೆನೆಸಬಾರದು, ಮೇಲ್ಮೈಗೆ ನೀರು ಚಿಮುಕಿಸಿದರೆ ಸಾಕು. ಇಟ್ಟಿಗೆ ಕಾಲದ ಅಭ್ಯಾಸದಿಂದ ಬ್ಲಾಕನ್ನೂ ತೊಟ್ಟಿಗೆ ಹಾಕುವವರಿದ್ದಾರೆ. ನೆಂದು ಉಬ್ಬಿದ ಬ್ಲಾಕ್ ಗೋಡೆಯಲ್ಲಿ ಒಣಗಿ ಕುಗ್ಗಿದಾಗ ಬಿರುಕು ಬಿಡುತ್ತದೆ.

ಗಾರೆ ಕಲಸುವವರಿಗೆ ಒಂದು ಎಚ್ಚರಿಕೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಅಪಾಯ. ರಬ್ಬರ್ ಗ್ಲೌಸ್, ಗಂಬೂಟು ಹಾಕಿಕೊಳ್ಳಿ. ಮೂವತ್ತು ವರ್ಷ ಬರಿಗೈಯಲ್ಲಿ ಕಲಸಿದವರನ್ನು ನೋಡಿ ನೀವೂ ಹಾಗೆ ಮಾಡಲು ಹೋಗಬೇಡಿ.

ಕಂಬಿ, ಸೆಂಟ್ರಿಂಗ್, ಮೋಲ್ಡ್

ಕಾಂಕ್ರೀಟಿಗೆ ಆಸರೆಯಾಗಿ ಹಲಗೆ, ಕಂಬ ಕಟ್ಟುವುದು ಸೆಂಟ್ರಿಂಗ್, ತಾರಸಿಗೆ ಕಾಂಕ್ರೀಟ್ ಸುರಿಯುವುದು ಮೋಲ್ಡ್. ಇಲ್ಲಿ ಹೋಲಿಕೆಯೇ ಬೇಡ. ಮಾಡಬೇಡಿ. ತಪ್ಪಾದರೆ ಕಿತ್ತು ಮತ್ತೆ ಮಾಡಬಹುದಾದ ಕೆಲಸಗಳಿವೆ, ತಪ್ಪು ಮನೆಯ ಆಯುಷ್ಯದುದ್ದಕ್ಕೂ ತಲೆಯ ಮೇಲೇ ಉಳಿಯುವ ಕೆಲಸಗಳಿವೆ. ಪಿಲ್ಲರ್, ಬೀಮು, ತಾರಸಿ ಎರಡನೆಯ ಜಾತಿಗೆ ಸೇರಿದವು. ಬಿದ್ದರೆ ಕೈಕಾಲು ಮುರಿಯುವ ಎತ್ತರದ ಕೆಲಸವೂ ಇದೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ಕಾರ್ಡ್ ಮಾಡಿಸಿಕೊಂಡ ಕೂಲಿಯವರಿಗೆ ಅಪಘಾತದ ನೆರವಾದರೂ ಸಿಗುತ್ತದೆ. ತನ್ನ ಮನೆಯ ಸೆಂಟ್ರಿಂಗ್ ಮೇಲಿಂದ ತಾನೇ ಬಿದ್ದ ಗುಮಾಸ್ತನಿಗೆ ಯಾವ ಕಾರ್ಡೂ ಇಲ್ಲ.

ಹಾಗೆಂದು ಮೋಲ್ಡ್ ದಿನ ಮನೆಯಲ್ಲಿ ಕೂರುವಂತಿಲ್ಲ. ನನ್ನ ಲೆಕ್ಕದ ಪ್ರಕಾರ ಆ ದಿನ ಮನೆಯವರು ಕಣ್ಣಿನಿಂದ ಮಾಡುವ ದುಡಿಮೆಗೆ ಕೈಯಿಂದ ಮಾಡುವ ಯಾವ ದುಡಿಮೆಯೂ ಸಮವಲ್ಲ.

ಮೊದಲು ಕಂಬಿ. ಒಂದು ಮೀಟರ್ ಕಂಬಿಯ ತೂಕ ಬೇಕೆಂದರೆ ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಬೇಕು. 8 ಮಿಲಿಮೀಟರಿನದು 0.395 ಕಿಲೊ, 12ರದು 0.889. ಹನ್ನೆರಡು ಮೀಟರ್ ಉದ್ದದ 12 ಮಿಲಿಮೀಟರ್ ಕಂಬಿ ಒಂದಕ್ಕೆ 10.7 ಕಿಲೊ ಹತ್ತಿರ, ಟನ್ನಿಗೆ ಸುಮಾರು 94 ಕಂಬಿ. ಲಾರಿ ಇಳಿಸುವಾಗ ಎಣಿಸಿ ತೂಕದ ಚೀಟಿಯೊಂದಿಗೆ ತಾಳೆ ನೋಡುವುದಕ್ಕೆ ಅರ್ಧ ಗಂಟೆ ಸಾಕು. ನಾನು ಎಣಿಸಲು ನಿಂತ ಮೊದಲ ದಿನವೇ ಲೋಡಿನಲ್ಲಿ ನಾಲ್ಕು ಕಂಬಿ ಕಡಿಮೆ ಇದ್ದವು. ಸುಮಾರು 43 ಕಿಲೊ. ಅರ್ಧ ಗಂಟೆಗೆ ಅಷ್ಟು ಕೂಲಿ ಕೊಡುವ ಕೆಲಸ ಆ ನಿವೇಶನದಲ್ಲಿ ಬೇರೆ ಇರಲಿಲ್ಲ. ಎಂ-ಸ್ಯಾಂಡ್, ಜಲ್ಲಿಯ ಲಾರಿಯನ್ನೂ ಹೀಗೆಯೇ ಅಳೆಯಿರಿ: ಉದ್ದ, ಅಗಲ, ಮಟ್ಟ ಮಾಡಿದ ಮೇಲಿನ ಎತ್ತರ. ಗೋಪುರದಂತೆ ಏರಿಸಿದ ರಾಶಿಯನ್ನು ಹೊರಗಿನಿಂದ ನೋಡಿ ಹಿಗ್ಗಬೇಡಿ.

ಆಮೇಲೆ ನೀರು. ಕಾಂಕ್ರೀಟ್ ತೆಳ್ಳಗಿದ್ದರೆ ಸುರಿಯಲು ಸುಲಭ, ಆದ್ದರಿಂದ ಮಿಕ್ಸರ್ ಹತ್ತಿರ ನಿಂತ ಹುಡುಗ ಬಕೆಟ್ ಮೇಲೆ ಬಕೆಟ್ ಹಾಕುತ್ತಲೇ ಇರುತ್ತಾನೆ. ಸಿಮೆಂಟು ಒಂದು, ಮರಳು ಒಂದೂವರೆ, ಜಲ್ಲಿ ಮೂರು ಪಾಲಿನ ಎಂ-20 ಎಂಬ ಮಿಶ್ರಣದಲ್ಲಿ 50 ಕಿಲೊ ಸಿಮೆಂಟು ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು ಎಂದು ಐಎಸ್ 456 ಎಂಬ ಭಾರತೀಯ ಮಾನಕ ಹೇಳುತ್ತದೆ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹದಿನೈದು ಲೀಟರಿನ ಎರಡು ಬಕೆಟ್ ಬಿಟ್ಟು ಬೇರೆಲ್ಲವನ್ನೂ ನನ್ನ ಹೆಂಡತಿ ಬೆಳಿಗ್ಗೆಯೇ ಎತ್ತಿಟ್ಟಿದ್ದಳು. ಹುಡುಗರು ಗೊಣಗಿದರು. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು, ಗೊಣಗಾಟ ನಿಂತಿತು.

ಕೊನೆಗೆ ಸೆಂಟ್ರಿಂಗ್ ಬಿಚ್ಚುವ ದಿನ. ಸೆಂಟ್ರಿಂಗ್ ಸಾಮಾನು ಇನ್ನೊಂದು ಕಡೆ ಬೇಕಾಗಿರುತ್ತದೆ, ಬೇಗ ಬಿಚ್ಚಲು ಬರುತ್ತಾರೆ. ಅದೇ ಮಾನಕದ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಅಗಲದ ತಾರಸಿಯ ಊರುಗಂಬಗಳು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಇರಬೇಕು. ಆರು ಮೀಟರ್‌ವರೆಗಿನ ಬೀಮಿಗೆ 14 ದಿನ. ಇದು ಮಾಮೂಲಿ ಸಿಮೆಂಟಿನ ಲೆಕ್ಕ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು ಬಳಸಿದ್ದರೆ ಎಂಜಿನಿಯರ್ ಹೇಳಿದಷ್ಟು ದಿನ ಹೆಚ್ಚಿಗೆ ಬಿಡಿ. ಬಿಚ್ಚಬೇಡಿ ಎಂದು ಹೇಳಲು ಗೇಟಿನಲ್ಲಿ ನಿಲ್ಲುವುದೂ ದುಡಿಮೆಯೇ.

ನೀರು ಉಣಿಸುವುದು

ಇಡೀ ಮನೆಯಲ್ಲಿ ಒಂದೇ ಒಂದು ಕೆಲಸವನ್ನು ಸ್ವಂತಕ್ಕೆ ಇಟ್ಟುಕೊಳ್ಳಿ ಎಂದರೆ ನಾನು ಕ್ಯೂರಿಂಗ್ ಎನ್ನುತ್ತೇನೆ. ಇದಕ್ಕೆ ಆಳು ಇಟ್ಟರೂ ದಿನಕ್ಕೆ ಕೆಲವು ನೂರು ರೂಪಾಯಿಯಷ್ಟೇ, ಉಳಿತಾಯ ದೊಡ್ಡದಲ್ಲ. ಆದರೆ ಕಾಸು ಕೊಟ್ಟು ಮಾಡಿಸಿದರೆ ಸರಿಯಾಗಿ ಆಗದ ಕೆಲಸ ಇದೊಂದೇ. ಭಾನುವಾರ ಗಾರೆಯವರಿಗೆ ರಜೆ, ಕಾಂಕ್ರೀಟಿಗೆ ರಜೆಯಿಲ್ಲ. ಹಬ್ಬದ ದಿನವೂ ಅದು ನೀರು ಕುಡಿಯುತ್ತದೆ.

ಮಾಮೂಲಿ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿ ಇಡಬೇಕು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ. ಅದಕ್ಕೆ 10 ದಿನ. ಒಣಹವೆಯ ಬಿಸಿಲುಗಾಲದಲ್ಲಿ ಮಾಮೂಲಿಗೆ 10, ಪಿಪಿಸಿಗೆ 14 ದಿನ. ಶಾಲಾ ರಜೆಯ ಅನುಕೂಲಕ್ಕೆಂದು ಏಪ್ರಿಲ್, ಮೇ ತಿಂಗಳಿನಲ್ಲೇ ಮೋಲ್ಡ್ ಹಾಕಿಸುವವರು ಈ ಹದಿನಾಲ್ಕನ್ನು ನೆನಪಿಡಬೇಕು. ತಾರಸಿಯ ಮೇಲೆ ಗಾರೆಯ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೇ ಒಳ್ಳೆಯ ವಿಧಾನ. ಸಾವಿರ ಚದರ ಅಡಿಯ ಮೇಲೆ ಎರಡಿಂಚು ನೀರು ನಿಲ್ಲಬೇಕಾದರೆ ಸುಮಾರು 4,700 ಲೀಟರ್ ಬೇಕು, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಆರಿಹೋದದ್ದನ್ನು ದಿನಾ ತುಂಬಿಕೊಡಬೇಕು. ಬೋರ್‌ವೆಲ್ ಬತ್ತುವ ತಿಂಗಳಾದರೆ ಟ್ಯಾಂಕರಿನವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ನೆನೆಸಿಡಿ. ನೀರು ಚಿಮ್ಮಿಸಿ ಹೋದರೆ ಅರ್ಧ ಗಂಟೆಯಲ್ಲಿ ಒಣಗಿರುತ್ತದೆ, ಗೋಣಿ ಮಧ್ಯಾಹ್ನದವರೆಗೂ ತಂಪು ಹಿಡಿದಿರುತ್ತದೆ. ನಮ್ಮ ಊರಿನಲ್ಲಿ ಕೊಬ್ಬರಿ ವ್ಯಾಪಾರದಿಂದಾಗಿ ಹಳೆಯ ಗೋಣಿಗೆ ಬರವಿಲ್ಲ. ಇಲ್ಲದ ಕಡೆ ಹಳೆಯ ಪಂಚೆ, ಸೀರೆಯೂ ಆದೀತು.

ನಮ್ಮ ಅತ್ತೆಯವರು ಬೆಳಿಗ್ಗೆ ಐದೂವರೆಗೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಾ ಪೈಪ್ ಹಿಡಿಯುತ್ತಿದ್ದರು. ನಾಮ ಮುಗಿಯುವಷ್ಟರಲ್ಲಿ ನಾಲ್ಕೂ ಗೋಡೆ ಮುಗಿಯಬೇಕು ಎನ್ನುವುದು ಅವರ ಅಳತೆ.

ಬಣ್ಣ: ಲೆಕ್ಕ ನಿಜಕ್ಕೂ ಕೂಡಿಬರುವ ಕೆಲಸ

ನನ್ನ ನೋಟ್‌ಬುಕ್ಕಿನಲ್ಲಿ ಕೈದುಡಿಮೆಯ ಬೆಲೆ ಅತಿ ಹೆಚ್ಚು ಬಂದದ್ದು ಇಲ್ಲಿ. ಹತ್ತು ಚದರದ ಮನೆಯ ಒಳಗೋಡೆ, ಒಳಚಾವಣಿ ಸೇರಿ ಸುಮಾರು 3,500 ಚದರ ಅಡಿ. ಎರಡು ಕೋಟ್ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣಕ್ಕೆ ಅಡಿಗೆ 12 ರೂಪಾಯಿ ಕೂಲಿ ಎಂದರೆ 42,000. ನಾವಿಬ್ಬರು 35 ಆಳುದಿನ ಹಾಕಿದೆವು, ಎಂಟು ದಿನ ತಡವಾಯಿತು. ತಡದ 4,000 ಕಳೆದು 38,000ವನ್ನು 35ರಿಂದ ಭಾಗಿಸಿದರೆ ದಿನಕ್ಕೆ 1,085. ಗಾರೆಯವರ ಕೂಲಿಗಿಂತ ಹೆಚ್ಚು! ಅಗೆತದ 70 ರೂಪಾಯಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಕಾರಣ ಸರಳ. ಬಣ್ಣದ ಕೆಲಸದಲ್ಲಿ ಬೆಲೆ ಇರುವುದು ತಾಳ್ಮೆಗೆ, ಬಲಕ್ಕಲ್ಲ. ಅದನ್ನು ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಅವಸರದಲ್ಲಿ ಮುಗಿಸುತ್ತಾರೆ. ನಮ್ಮ ತಪ್ಪನ್ನು ಇನ್ನೊಂದು ಕೋಟ್ ಮುಚ್ಚುತ್ತದೆ. ಪುಟ್ಟಿ ಎಳೆಯುವುದು ಮಾತ್ರ ಕಲಿಯಬೇಕಾದ ವಿದ್ಯೆ. ಮಲಗುವ ಕೋಣೆಯ ಬಾಗಿಲ ಹಿಂದಿನ ಗೋಡೆಯಿಂದ ಶುರು ಮಾಡಿ, ಹಾಲ್‌ಗೆ ಬರುವಷ್ಟರಲ್ಲಿ ಕೈ ಕುದುರಿರುತ್ತದೆ. ಸ್ಯಾಂಡ್ ಪೇಪರ್ ಹಾಕುವಾಗ ಏಳುವ ಧೂಳು ಹಿಟ್ಟಿನ ಗಿರಣಿಯನ್ನು ಮೀರಿಸುತ್ತದೆ. ಮೂಗಿಗೆ ಬಟ್ಟೆ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಪ್ಲಾಸ್ಟರ್ ಆಗಿ ಒಂದು ತಿಂಗಳಾದರೂ ಆರದೆ ಬಣ್ಣಕ್ಕೆ ಕೈ ಹಾಕಬೇಡಿ, ಒಳಗಿನ ತೇವ ಪುಟ್ಟಿಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಹೊರಗೋಡೆಗೆ ಸಾರುವೆ ಕಟ್ಟಬೇಕು, ಎತ್ತರದ ಕೆಲಸ. ಅದನ್ನು ನಾವು ಕೂಲಿಗೇ ಬಿಟ್ಟೆವು.

ಟೈಲ್ಸ್, ಕರೆಂಟು, ಪೈಪು

ಟೈಲ್ಸ್ ಹಾಕುವುದರಲ್ಲಿ ತಪ್ಪಿಗೆ ಬೆಲೆ ಹೆಚ್ಚು. ಕೂಲಿ ಉಳಿಸಲು ಹೋಗಿ ಸಾಮಗ್ರಿ ಒಡೆಯುತ್ತೇವೆ. ಬಚ್ಚಲಿನ ನೀರು ಜಾಲರಿಯ ಕಡೆಗೆ ಹರಿಯದೆ ಬಾಗಿಲಿನ ಕಡೆಗೆ ಬಂದರೆ ಜೀವನವಿಡೀ ಬಳಿಯಬೇಕು. ಸಂದು ತುಂಬುವುದನ್ನೂ ತೊಳೆಯುವುದನ್ನೂ ಮಾತ್ರ ಇಟ್ಟುಕೊಳ್ಳಿ. ಬೆರಳಿನ ಗೆಣ್ಣಿನಿಂದ ಪ್ರತಿಯೊಂದು ಟೈಲನ್ನೂ ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಹಣ ಕೊಡುವ ಮೊದಲು ತೋರಿಸಿ.

ಕರೆಂಟಿನ ಕೆಲಸದಲ್ಲಿ ಗೋಡೆ ಕೊರೆದು ಪೈಪು, ಬಾಕ್ಸ್ ಕೂರಿಸುವವರೆಗೆ ನೀವು ಸಹಾಯಕರಾಗಬಹುದು. ತಂತಿ ಎಳೆದು ಜೋಡಿಸುವುದು ಪರವಾನಗಿ ಇದ್ದವರದೇ ಕೆಲಸ. ಮೀಟರ್ ಸಂಪರ್ಕಕ್ಕೆ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರು ಸಹಿ ಹಾಕಿದ ವರದಿ ಹೇಗೂ ಬೇಕು. ನಲ್ಲಿ ಪೈಪುಗಳನ್ನು ಪ್ಲಾಸ್ಟರಿಗೆ ಮೊದಲು ನೀರು ತುಂಬಿ ಒಂದು ಇಡೀ ದಿನ ಬಿಟ್ಟು ನೋಡಿ. ಗೋಡೆ ಮುಚ್ಚುವ ಮುನ್ನ ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೊ, ಪಕ್ಕದಲ್ಲಿ ಟೇಪ್ ಹಿಡಿದು, ತೆಗೆದಿಡಿ. ಪರದೆಯ ಕೊಳವೆಗೆ ಮೊಳೆ ಹೊಡೆಯುವ ದಿನ ಆ ಫೋಟೊ ಬೇಕಾಗುತ್ತದೆ.

ಮುಯ್ಯಾಳು ಇದ್ದವರಿಗೆ ಬೇರೆ ದಾರಿ

ಇಲ್ಲಿಯವರೆಗಿನ ಲೆಕ್ಕ ಇಬ್ಬರೇ ದುಡಿಯುವ ಪೇಟೆಯ ಸಂಸಾರದ್ದು. ಹಳ್ಳಿಯಲ್ಲಿ ಬೇಸಾಯವಿರುವ ತುಂಬು ಸಂಸಾರಕ್ಕೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಸರದಿಯಂತೆ ಕೈಜೋಡಿಸುವ ಮುಯ್ಯಾಳಿನ ರೂಢಿ ಇನ್ನೂ ಉಳಿದಿರುವ ಕಡೆ, ಆಯ್ಕೆಗಳು ಬೇರೆ. ಸುಗ್ಗಿ ಮುಗಿದ ಮೇಲೆ ಐದಾರು ಜನ ಒಟ್ಟಿಗೆ ಸೇರಬಲ್ಲಿರಾದರೆ ಮಣ್ಣಿನ ಬ್ಲಾಕನ್ನು ಯೋಚಿಸಿ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಈ ತಂತ್ರವನ್ನು ವರ್ಷಗಟ್ಟಲೆ ತಿದ್ದಿ ತೀಡಿದೆ. ಮರಳು ಹೆಚ್ಚಿರುವ ಕೆಂಪು ಮಣ್ಣಿಗೆ ಶೇ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ನೆರಳಿನಲ್ಲಿ ಪೇರಿಸಿ ಹುಲ್ಲು ಮುಚ್ಚಿ ಮೂರು ವಾರ ನೀರು ಉಣಿಸುವುದು. ಸುಡುವ ಗೂಡು ಬೇಡ, ಲಾರಿ ಬಾಡಿಗೆ ಬೇಡ, ಪಾಯದಿಂದ ಬಂದ ಮಣ್ಣೇ ಗೋಡೆಯಾಗುತ್ತದೆ. ಎರೆಮಣ್ಣಿನ ಸೀಮೆಯವರಿಗೆ ಇದು ಹೇಳಿದ್ದಲ್ಲ, ಆ ಮಣ್ಣು ಹಿಗ್ಗಿ ಕುಗ್ಗುತ್ತದೆ. ಇಬ್ಬರೇ ಇದ್ದರೆ ಕೈ ಹಾಕಬೇಡಿ. ಒಬ್ಬರು ಜರಡಿ ಹಿಡಿದು, ಒಬ್ಬರು ಕಲಸಿ, ಒಬ್ಬರು ಒತ್ತಿ, ಒಬ್ಬರು ಪೇರಿಸಿದರೆ ಮಾತ್ರ ಸಾಗುವ ಕೆಲಸ.

ಸರ್ಕಾರದ ನೆರವಿನಿಂದ ಕಟ್ಟುವವರ ಲೆಕ್ಕ ಇನ್ನೂ ಬೇರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ–ಗ್ರಾಮೀಣದಲ್ಲಿ ಬಯಲು ಪ್ರದೇಶದವರಿಗೆ 1.20 ಲಕ್ಷದ ಸಹಾಯ, ಕನಿಷ್ಠ 25 ಚದರ ಮೀಟರ್ ಮನೆ. ಗುತ್ತಿಗೆದಾರನಿಗೆ ಕೊಡುವಂತಿಲ್ಲ, ಫಲಾನುಭವಿಯೇ ಮುಂದೆ ನಿಂತು ಕಟ್ಟಿಕೊಳ್ಳಬೇಕು ಎನ್ನುವುದು ಅದರ ನಿಯಮ. ಜೊತೆಗೆ ನರೇಗಾದಿಂದ 90 ಆಳುದಿನದ ಕೂಲಿ ಕೊಡುವ ಏರ್ಪಾಡನ್ನು ಯೋಜನೆಯಲ್ಲೇ ಸೇರಿಸಿದ್ದರು. 2025–26ರಲ್ಲಿ ಕರ್ನಾಟಕದ ದರ ದಿನಕ್ಕೆ 370, ಅಂದರೆ 33,300 ರೂಪಾಯಿ. ತನ್ನ ಮನೆಗೆ ತಾನೇ ಕಲ್ಲು ಹೊತ್ತು ಕೂಲಿ ಪಡೆಯುವ ಇಂಥ ಅವಕಾಶ ಸರ್ಕಾರದ ನೆರವಿಲ್ಲದೆ ಕಟ್ಟುವವರಿಗೆ ಇಲ್ಲ. ಉದ್ಯೋಗ ಖಾತರಿಯ ನಿಯಮಗಳು ಬದಲಾಗುತ್ತಿರುವುದರಿಂದ, ಪಾಯಕ್ಕೆ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ಈಗಿನ ದರವನ್ನೂ ಹಾಜರಿಯ ಕ್ರಮವನ್ನೂ ಕೇಳಿಕೊಳ್ಳಿ. ಕೆಲಸ ಮುಗಿಸಿದ ಮೇಲೆ ಹೋದರೆ ಹಾಜರಿ ಹಾಕುವವರಿಲ್ಲ.

ಯಾರಿಗೆ ಯಾವುದು

ಸಂಬಳದ ಕೆಲಸ, ಬಾಡಿಗೆ ಮನೆ, ಬ್ಯಾಂಕ್ ಸಾಲ ಮೂರೂ ಇದ್ದರೆ: ಲೇಬರ್ ಗುತ್ತಿಗೆ ಕೊಡಿ. ಸಾಮಗ್ರಿ ನೀವೇ ತರಿಸಿ, ಕ್ಯೂರಿಂಗ್, ಮಣ್ಣು ತುಂಬುವುದು, ಒಳಬಣ್ಣ ನಿಮ್ಮದು. ಇರುವ ರಜೆಯನ್ನೆಲ್ಲ ಮೋಲ್ಡ್ ದಿನಕ್ಕೂ ಬಣ್ಣಕ್ಕೂ ಉಳಿಸಿಕೊಳ್ಳಿ.

ಬಾಡಿಗೆಯೂ ಸಾಲವೂ ಇಲ್ಲ, ಕೆಲಸದ ನಡುವೆ ಬಿಡುವಿದೆ ಎನ್ನುವ ಕೃಷಿಕರು ದಿನಗೂಲಿಯಲ್ಲೇ ನಿಧಾನವಾಗಿ ಕಟ್ಟಬಹುದು. ಕೈಯಾಳಿನ ಕೂಲಿ ಪೂರ್ತಿ ಉಳಿಯುತ್ತದೆ, ನನ್ನ ಆ 500ರ ಕಾಟ ಅವರಿಗಿಲ್ಲ. ಆದರೆ ಸಿಮೆಂಟನ್ನು ಒಟ್ಟಿಗೆ ತಂದು ಪೇರಿಸಬೇಡಿ, ಮೂರು ತಿಂಗಳು ಕೂತ ಚೀಲ ಬಲ ಕಳೆದುಕೊಂಡಿರುತ್ತದೆ. ಪರಊರಿನಲ್ಲೋ ಹೊರದೇಶದಲ್ಲೋ ಇದ್ದು ಊರಿನಲ್ಲಿ ಕಟ್ಟಿಸುವವರು ಪೂರ್ತಿ ಗುತ್ತಿಗೆ ಕೊಟ್ಟು, ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರಿಗೆ ಸಂಬಳ ಕೊಟ್ಟು ನಿಲ್ಲಿಸಲಿ. ವಿಡಿಯೊ ಕರೆಯಲ್ಲಿ ಕಾಂಕ್ರೀಟಿನ ನೀರು ಕಾಣುವುದಿಲ್ಲ.

ಬೆವರಿಗೆ ಸಂಬಂಧವಿಲ್ಲದ ಒಂದು ಉಳಿತಾಯವನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಳೆಯ ತೆರಿಗೆ ಸೇರಿ 400 ಇದ್ದ ಚೀಲಕ್ಕೆ ಅಂಗಡಿಯವರು ಪೂರ್ತಿ ಇಳಿಸಿದರೆ 31 ರೂಪಾಯಿ ಕಡಿಮೆ. ನಾನೂರು ಚೀಲದ ಮನೆಗೆ 12,400. ನಮ್ಮ ಪಾಯ ಅಗೆದು ಉಳಿಸಬಹುದಾಗಿದ್ದ ಹಣದ ಏಳು ಪಟ್ಟು. ನಾವು ಒಂದು ವರ್ಷ ಮೊದಲೇ ಕಟ್ಟಿ ಮುಗಿಸಿದ್ದೆವು.

ಯಾವ ದಾರಿ ಹಿಡಿದರೂ ಮೇಸ್ತ್ರಿಯೊಂದಿಗೆ ಆದ ಮಾತನ್ನು ಬರೆದಿಡಿ. ಛಾಪಾ ಕಾಗದ ಬೇಕೆಂದಿಲ್ಲ, ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ಯಾವ ಕೆಲಸ ನಮ್ಮದು, ಅದಕ್ಕೆ ಅಡಿಗೆ ಎಷ್ಟು ಕಡಿತ, ಸೆಂಟ್ರಿಂಗ್ ಎಂದು ಬಿಚ್ಚುವುದು, ಯಾವ ಹಂತಕ್ಕೆ ಎಷ್ಟು ಹಣ, ಕೈಯಾಳು ಬಾರದ ದಿನ ಮನೆಯವರು ಆ ಜಾಗದಲ್ಲಿ ನಿಂತರೆ ಆ ಕೂಲಿ ಯಾರದು. ಈ ಕೊನೆಯ ಸಾಲು ನಮ್ಮ ಕಾಗದದಲ್ಲಿ ಇರಲಿಲ್ಲ. ಹನ್ನೊಂದು ದಿನ ನಾನು ಗಾರೆ ಕಲಸಿಕೊಟ್ಟಿದ್ದೆ. ಗೃಹಪ್ರವೇಶದ ದಿನ ಮೇಸ್ತ್ರಿ ಪಂಚೆ, ಶಲ್ಯ ಸ್ವೀಕರಿಸಿ, “ಸಾರ್ ಚೆನ್ನಾಗಿ ಕೆಲಸ ಕಲಿತರು ಅಮ್ಮ” ಎಂದು ನಮ್ಮ ಅತ್ತೆಯವರ ಎದುರು ಬಾಯ್ತುಂಬ ಹೊಗಳಿದರು. 7,700 ರೂಪಾಯಿಯ ಮಾತು ಎತ್ತಲಿಲ್ಲ.